ಮಾರ್ತಮ್ಮನ ಮಡಿಲಕ್ಕಿ

ಬೆಲ್ಲ ಪಾಕಕ್ಕೆ ಬರುವ ಹೊತ್ತಿನ ವಾಸನೆ ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮೊದಲು ಸಿಹಿ, ಅದರ ಹಿಂದೆಯೇ ಕಬ್ಬಿನ ಸಿಪ್ಪೆ ಉರಿಯುವ ಘಾಟು. ಹೋದ ತಿಂಗಳು ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸಿ ಪಾಂಡವಪುರದ ಕಡೆ ಹೊರಟಿದ್ದೆ. ಯಾವುದೋ ಆಲೆಮನೆಯ ಆ ವಾಸನೆ ಕಿಟಕಿಯಿಂದ ನುಗ್ಗಿತು. ಪಕ್ಕದಲ್ಲಿದ್ದ ಹೆಂಗಸು "ಆಹಾ" ಎಂದಳು. ನಾನು ಕಿಟಕಿಯ ಗಾಜು ಎಳೆದೆ. ತೊಡೆಯ ಮೇಲಿದ್ದ ಚೀಲದಲ್ಲಿ ಒಂದು ಇಂಗ್ಲಿಷ್ ಕಾದಂಬರಿ ಇತ್ತು, ಪತ್ರಿಕೆಯಿಂದ ಕತ್ತರಿಸಿದ ಒಂದು ತುಣುಕು ಇತ್ತು, ಹಳೆಯ ಟವೆಲ್ಲಿನಲ್ಲಿ ಸುತ್ತಿದ ಒಂದು ಗಂಟಿತ್ತು. ಕಾದಂಬರಿ ಬರೆದವಳು ಅಮೆರಿಕದಲ್ಲಿ ತೀರಿಕೊಂಡಳೆಂಬುದೇ ಆ ತುಣುಕಿನ ಸುದ್ದಿ. ಗಂಟಿನ ವಿಷಯ ಆಮೇಲೆ ಹೇಳುತ್ತೇನೆ.

ಮೈಸೂರಿನ ಪ್ರಕಾಶಕರೊಬ್ಬರು ಆ ಕಾದಂಬರಿಯನ್ನು ಕನ್ನಡಕ್ಕೆ ಮಾಡಿಕೊಡಿ ಎಂದು ನನ್ನ ಬೆನ್ನು ಬಿದ್ದು ವರ್ಷವಾಗಿತ್ತು. "ನಿಮ್ಮ ಕಡೆಯದೇ ಕತೆ ಸಾರ್, ನಿಮಗಿಂತ ಚೆನ್ನಾಗಿ ಇನ್ಯಾರು ಮಾಡ್ತಾರೆ?" ಎಂದಿದ್ದರು. ಅವರು ಹೇಳಿದ್ದು ಅವರಿಗೆ ಗೊತ್ತಿದ್ದದ್ದಕ್ಕಿಂತ ಹೆಚ್ಚು ನಿಜ. ಇಡೀ ಪುಸ್ತಕ ಮುಗಿಸಿದ್ದೇನೆ, ಹನ್ನೊಂದನೆಯ ಅಧ್ಯಾಯ ಒಂದನ್ನು ಬಿಟ್ಟು. ಆ ಅಧ್ಯಾಯದಲ್ಲಿ ಎಡಗೆನ್ನೆಯ ಮೇಲೆ ಸುಟ್ಟ ಕಲೆ ಇರುವ ಒಬ್ಬ ಕಠಿಣ ಮನಸ್ಸಿನ ಮುದುಕಿ ಬರುತ್ತಾಳೆ. ಅವಳು ನನ್ನ ಚಿಕ್ಕವ್ವ. ಅವಳನ್ನು ಹಾಗೆ ಮಾಡಿಟ್ಟವನು ನಾನು. ಇಪ್ಪತ್ತೆಂಟು ವರ್ಷ ನುಂಗಲೂ ಆಗದೆ ಉಗುಳಲೂ ಆಗದೆ ಬಾಯಲ್ಲಿಟ್ಟುಕೊಂಡಿದ್ದ ಬಿಸಿ ತುಪ್ಪವನ್ನು ಉಗುಳಿಬಿಡುತ್ತೇನೆಂದು ಅವತ್ತು ಬಸ್ಸು ಹತ್ತಿದ್ದೆ.

ತೊಂಬತ್ತೈದರ ಮಳೆಗಾಲ. ನನಗೆ ಇಪ್ಪತ್ತೇಳು. ಪಾಂಡವಪುರದ ಒಂದು ಜೂನಿಯರ್ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುವ ತಾತ್ಕಾಲಿಕ ಮೇಷ್ಟ್ರು. ಜೂನ್ ಬಂತೆಂದರೆ ಈ ವರ್ಷ ಕೆಲಸ ಉಂಟೋ ಇಲ್ಲವೋ ಎಂದು ಎದೆ ಪುಕಪುಕ. ಅದಕ್ಕಿಂತ ದೊಡ್ಡ ಕಾಯಿಲೆಯೆಂದರೆ ನಾನು ಇಂಗ್ಲಿಷಿನಲ್ಲಿ ಕತೆ ಬರೆಯುತ್ತಿದ್ದೆ. ದಿಲ್ಲಿ, ಮುಂಬಯಿಯ ಪತ್ರಿಕೆಗಳಿಗೆ ಕಳಿಸುವುದು, ತಿರುಗಿ ಬಂದ ಲಕೋಟೆಗಳನ್ನು ಟ್ರಂಕಿನಲ್ಲಿ ಜೋಡಿಸಿಡುವುದು, ಇದೇ ನನ್ನ ಸಾಹಿತ್ಯ ಸೇವೆ. ಅಂಥವನನ್ನು ಪ್ರಿನ್ಸಿಪಾಲರು ಕರೆದು, "ಅಮೆರಿಕದೋರೊಬ್ರು ಲೇಖಕಿ ಶ್ರೀರಂಗಪಟ್ಣದಲ್ಲಿ ಇಳ್ಕೊಂಡವ್ರೆ ಕಣಯ್ಯ, ಮಾತು ತಿರುಗ್ಸಿ ಹೇಳೋಕೆ ಜನ ಬೇಕಂತೆ, ಹೋಗ್ತೀಯಾ?" ಎಂದರೆ ಕೇಳಬೇಕೆ? ಅವರು ಮಾತು ಮುಗಿಸುವ ಮೊದಲೇ ನಾನು ಸೈಕಲ್ಲಿನ ಬೀಗ ತೆಗೆದಿದ್ದೆ.

ಆಕೆಯ ಹೆಸರು ಮಾರ್ಥಾ. ವಯಸ್ಸು ನಲವತ್ತೇಳು, ನನಗಿಂತ ಎತ್ತರ, ಗಂಡಸರ ಹಾಗೆ ಕತ್ತರಿಸಿದ ನರೆಗೂದಲು, ಸದಾ ತೋಳು ಮಡಿಸಿದ ಅಂಗಿ. ಅಮೆರಿಕದ ನಡುಸೀಮೆಯ ಪುಟ್ಟ ಊರಿನವಳು. ಅಪ್ಪನದು ಧಾನ್ಯದ ಮಂಡಿ. "ನಮ್ಮಲ್ಲೂ ಕಣ್ಣು ಹಾಯುವಷ್ಟು ದೂರ ಒಂದೇ ಬೆಳೆ. ನಿಮಗೆ ಕಬ್ಬು, ನಮಗೆ ಮುಸುಕಿನ ಜೋಳ. ಅದರೊಳಗೆ ಯಾರು ಅತ್ತರೂ ಕೇಳಿಸುವುದಿಲ್ಲ," ಎಂದಳು ಮೊದಲ ದಿನವೇ. ಮೂವತ್ತಕ್ಕೆ ಮುಂಚೆ ಮೊದಲ ಕಾದಂಬರಿ ಬರೆದಳು. ಅದರಲ್ಲಿ ತನ್ನ ತಾಯಿ ಗುಟ್ಟಾಗಿ ಕುಡಿಯುತ್ತಿದ್ದದ್ದನ್ನು ಇದ್ದದ್ದಿದ್ದ ಹಾಗೆ ಇಟ್ಟಳು. ಪುಸ್ತಕಕ್ಕೆ ಹೆಸರು ಬಂತು, ತಾಯಿ ಮಾತು ಬಿಟ್ಟಳು, ಸಾಯುವವರೆಗೂ ಆಡಲಿಲ್ಲ. ಅದಾದ ಮೇಲೆ ಬರೆದ ಮೂರು ಕಾದಂಬರಿಗಳನ್ನು ಯಾರೂ ಮೂಸಿ ನೋಡಲಿಲ್ಲ. ಹೊಟ್ಟೆಪಾಡಿಗೆ ಕಾಲೇಜಿನಲ್ಲಿ ಪಾಠ ಹೇಳುತ್ತಾ, ಇದೊಂದು ಕಡೆಯ ಪ್ರಯತ್ನವೆಂದು ಒಂದು ವರ್ಷದ ರಜೆ ಹಾಕಿ ಬಂದಿದ್ದಳು. ಕೋಟೆ ಮುತ್ತಿಗೆಯ ಕಾಲದ ಒಬ್ಬ ಪರಂಗಿ ಸಿಪಾಯಿಯ ಕತೆ ಬರೆಯಬೇಕೆಂದು ವಾರಗಟ್ಟಲೆ ಕೋಟೆ ಗೋಡೆಯ ನೆರಳಿನಲ್ಲಿ ಕೂತು, ಬರೆದದ್ದನ್ನೆಲ್ಲ ಹರಿದು ಹಾಕುತ್ತಿದ್ದಳು. ಕೊನೆಗೊಂದು ದಿನ, "ಸತ್ತವರು ಸಾಕು ಶಿವು. ಬದುಕಿರುವವರ ಮನೆಯಲ್ಲಿ ಇರಬೇಕು, ಒಂದು ಹಳ್ಳಿ ತೋರಿಸು," ಎಂದಳು.

ನನ್ನ ಮನಸ್ಸಿಗೆ ಬಂದದ್ದು ಚಿಕ್ಕವ್ವನ ಮನೆ. ನನ್ನ ಅವ್ವನ ತಂಗಿ ಅವಳು. ಅವ್ವ ತೀರಿಕೊಂಡಾಗ ನನಗೆ ಒಂಬತ್ತು ವರ್ಷ, ಅಲ್ಲಿಂದ ಸಾಕಿದವಳು ಅವಳೇ. ಪಾಂಡವಪುರದಿಂದ ಆಚೆ ನಾಲೆ ಪಕ್ಕದ ಊರು. ಹೆಸರು ಬೇಡ, ಅವಳನ್ನು ಪುಸ್ತಕಕ್ಕೆ ಹಾಕಿ ಆಗಿರುವ ಅನಾಹುತವೇ ಸಾಕು. ಅವಳ ಇಪ್ಪತ್ನಾಲ್ಕನೆಯ ವರ್ಷಕ್ಕೇ ಗಂಡ ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿ ಸತ್ತ. ಮೂರು ಎಕರೆ ಗದ್ದೆ, ಎರಡು ಎಮ್ಮೆ, ಕೈಗೂಸು ರಾಜಣ್ಣ. ಆಲೆಮನೆಯಲ್ಲಿ ಪಾಕ ಸಿಡಿದು ಕೆನ್ನೆ ಸುಟ್ಟುಕೊಂಡು, ಯಾರ ಹಂಗಿಗೂ ಬೀಳದೆ ಮಗನನ್ನು ಆಳು ಮಾಡಿದಳು. ರಾಜಣ್ಣನ ಹೆಂಡತಿ ಸುಧಾ ನಾಗಮಂಗಲದ ಕಡೆಯವಳು. ಮಳೆ ನಂಬಿ ರಾಗಿ ಬೆಳೆಯುವ ಊರಿನಿಂದ ನಾಲೆ ನೀರಿಗೆ ಬಂದಿದ್ದಕ್ಕೋ ಏನೋ, ಶಾಸ್ತ್ರ ಸಂಪ್ರದಾಯದಲ್ಲಿ ಒಂದು ಕೂದಲೂ ಆಚೀಚೆ ಆಗಬಾರದು ಅವಳಿಗೆ. ರೇಷ್ಮೆ ಹುಳು ಸಾಕುತ್ತಿದ್ದ ಅವರ ಹಿತ್ತಲ ಕೋಣೆ ಖಾಲಿ ಬಿದ್ದಿತ್ತು.

ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟ ಮೇಲೆ ಚಿಕ್ಕವ್ವ ಮಾರ್ಥಾಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಗಂಡ ಏನ್ ಮಾಡ್ತಾನಂತೆ ಕೇಳ್ಲಾ."

ನಾನು ಕೇಳಿದೆ. ಮಾರ್ಥಾ ನಕ್ಕಳು. "ಮೊದಲನೆಯವನು ನನ್ನನ್ನು ಬಿಟ್ಟ, ಎರಡನೆಯವನನ್ನು ನಾನು ಬಿಟ್ಟೆ. ಹಾಗೇ ಹೇಳು. ಸುಳ್ಳು ಹೇಳಿಕೊಂಡು ಯಾರ ಮನೆಯಲ್ಲೂ ಇರುವುದು ನನಗೆ ಬೇಡ."

ಬಾಗಿಲ ಹಿಂದೆ ಸುಧಾ ನಿಂತಿದ್ದಳು. ಅವಳ ಮುಖ ನೋಡಿದೆ. ಗಂಡನ್ನ ಬಿಟ್ಟವಳು, ಅದೂ ಎರಡು ಸಲ ಎಂದು ಹೇಳಿದರೆ ಕೋಣೆಯ ಮಾತಿರಲಿ, ಮಜ್ಜಿಗೆ ಕುಡಿದ ಲೋಟವನ್ನೂ ಹೊರಗಿಟ್ಟಾಳು ಎನ್ನಿಸಿತು. ಕೋಣೆ ಸಿಗದಿದ್ದರೆ ಮಾರ್ಥಾ ಮೈಸೂರಿಗೋ ಮದರಾಸಿಗೋ ಹೋಗುತ್ತಾಳೆ. ನನ್ನ ಕತೆಗಳನ್ನು ತನ್ನ ಗೆಳತಿಯೊಬ್ಬಳ ಪತ್ರಿಕೆಗೆ ಕಳಿಸುತ್ತೇನೆಂದು, ನನಗೊಂದು ಶಿಫಾರಸು ಪತ್ರ ಬರೆಯುತ್ತೇನೆಂದು ಆಕೆ ಹೇಳಿದ್ದಳು. ಅದೂ ಆಕೆಯ ಹಿಂದೆಯೇ ಹೋಗುತ್ತದೆ. ಇಷ್ಟೆಲ್ಲ ಯೋಚನೆಗೆ ಒಂದು ಗುಟುಕು ಮಜ್ಜಿಗೆ ಕುಡಿಯುವಷ್ಟು ಹೊತ್ತು ಸಾಕಾಯಿತು.

"ತೀರ್ಕೊಂಡವ್ರಂತೆ ಚಿಕ್ಕವ್ವ," ಎಂದೆ.

ಚಿಕ್ಕವ್ವ ಎದ್ದು ಬಂದು ಮಾರ್ಥಾಳ ಎರಡೂ ಕೈ ಹಿಡಿದುಕೊಂಡಳು. "ಅಯ್ಯೋ ನಮ್ಮವ್ವ, ನಿಂದೂ ನನ್ ಬಾಳೇನಾ? ಇಲ್ಲೇ ಇರ್ಲಿ ಕಣ್ಲಾ ಇವ್ಳು. ಬಾಡ್ಗೆ ಗೀಡ್ಗೆ ಅಂದ್ರೆ ಬಾಯಿಗೆ ಒಡೀತೀನಿ ಅನ್ನು."

ಮಾರ್ಥಾಳ ಕಣ್ಣು ತುಂಬಿಕೊಂಡಿತು. ಬಸ್ ಸ್ಟಾಪಿನವರೆಗೂ ಅದನ್ನೇ ಹೇಳಿದಳು. "ನಾನು ಹಾಗೆ ಅಂದ ತಕ್ಷಣ ಕೈ ಹಿಡಿದುಕೊಂಡಳಲ್ಲ ಶಿವು. ಎರಡನೆಯ ಸಲ ಬಿಟ್ಟು ಬಂದಾಗ ನನ್ನ ಸ್ವಂತ ಅಕ್ಕ ಬಾಗಿಲು ತೆರೆಯಲಿಲ್ಲ." ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಒಂದೇ ಸುಳ್ಳಿನಲ್ಲಿ ಎರಡು ಮದುವೆಗಳಿಗೆ ಮಣ್ಣು ಹಾಕಿ, ಎರಡೂ ಕಡೆಯಿಂದ ಒಳ್ಳೆಯವನೆನ್ನಿಸಿಕೊಂಡಿದ್ದೆ. ಅವತ್ತು ನನಗೆ ನಾಚಿಕೆಯಾಗಲಿಲ್ಲ, ಹೆಮ್ಮೆಯೇ ಆಯಿತು.

ನಾಲೆಗೆ ನೀರು ಬಿಟ್ಟ ಮೇಲೆ ಊರು ಗದ್ದೆಗಿಳಿಯಿತು. ನಮ್ಮಲ್ಲಿ ನಾಟಿಗೆ ಹೆಂಗಸರು ಮುಯ್ಯಿ ಆಳಾಗಿ ಬರುತ್ತಾರೆ. ಇವತ್ತು ನೀನು ನನ್ನ ಗದ್ದೆಗೆ ಬಂದರೆ ನಾಳೆ ನಾನು ನಿನ್ನ ಗದ್ದೆಗೆ, ಕೂಲಿಯ ಮಾತಿಲ್ಲ. ಮಾರ್ಥಾ ಪ್ಯಾಂಟು ಮೊಣಕಾಲಿನ ತನಕ ಮಡಿಸಿ ಚಿಕ್ಕವ್ವನ ಗದ್ದೆಗೆ ಇಳಿದಳು. ಆಕೆ ನೆಟ್ಟ ಪೈರು ಕುಡಿದವರ ಸಾಲಿನ ಹಾಗಿತ್ತು. ಹೆಂಗಸರು ನಕ್ಕೂ ನಕ್ಕೂ ಕೆಸರಿನಲ್ಲಿ ಕೂತುಬಿಟ್ಟರು. ಆದರೂ ಮೂರು ದಿನ ಬೆನ್ನು ಎತ್ತದೆ ನೆಟ್ಟಳು. ಅವತ್ತಿನಿಂದ ಆಕೆ ಊರಿಗೆಲ್ಲ ಮಾರ್ತಮ್ಮ.

ನಾಟಿ ಮುಗಿದ ಸಂಜೆ ಚಿಕ್ಕವ್ವ ಬಿಸಿನೀರು ಕಾಯಿಸಿ ಮಾರ್ಥಾಳ ಬೆನ್ನಿಗೆ ಎಣ್ಣೆ ತಿಕ್ಕಿದಳು.

"ನನ್ ಗದ್ದೇಲಿ ದುಡುದವ್ಳೆ ಕಣ್ಲಾ, ಮುಯ್ಯಿ ತೀರುಸ್ಬೇಕು. ಅವ್ಳ್ಗೆ ಗದ್ದೆ ಇಲ್ಲ. ಏನ್ ಕೆಲ್ಸ ಅವ್ಳ್ದು?"

"ಕತೆ ಬರೆಯೋದು."

"ನಂಗ್ ಬರ್ಯಾಕ್ ಬರಾಕಿಲ್ಲ. ಕತೆ ಕೊಟ್ರೆ ಆಯ್ತದಾ?"

ಹೀಗೆ ಶುರುವಾಯಿತು. ಶ್ರಾವಣವಿಡೀ ಮಧ್ಯಾಹ್ನದ ಹೊತ್ತು ಹಿತ್ತಲ ಕೋಣೆಯಲ್ಲಿ ಚಿಕ್ಕವ್ವ ಹೇಳುವುದು, ನಾನು ತಿರುಗಿಸುವುದು, ಮಾರ್ಥಾ ಬರೆದುಕೊಳ್ಳುವುದು. ಆಕೆಯೂ ತನ್ನ ಕತೆ ಹೇಳಿದಳು. ತಾಯಿಯ ಪುಸ್ತಕದ ಪ್ರಸಂಗ ಬಂದಾಗ ಚಿಕ್ಕವ್ವ ಕೇಳಿದಳು, "ಅವ್ವನ್ ಮ್ಯಾಲೆ ಸುಳ್ ಬರುದ್ಲಾ?" ಇಲ್ಲ, ನಿಜವನ್ನೇ ಬರೆದದ್ದು ಎಂದೆ. "ಸುಳ್ಳಾಗಿದ್ರೆ ಅವ್ವ ಬೈದು ಸುಮ್ಕಾಗೋಳು. ನಿಜ ಆದ್ರಿಂದ್ಲೇ ಮಾತ್ ಬುಟ್ಲು," ಎಂದಳು. ಅದನ್ನು ತಿರುಗಿಸಿ ಹೇಳಿದಾಗ ಮಾರ್ಥಾ ಪೆನ್ನು ಕೆಳಗಿಟ್ಟು ತುಂಬಾ ಹೊತ್ತು ಎಮ್ಮೆಗಳನ್ನು ನೋಡುತ್ತಾ ಕೂತಳು.

ಆಮೇಲೊಂದು ದಿನ ಚಿಕ್ಕವ್ವ ನನ್ನೆದುರಿಗೂ ಯಾವತ್ತೂ ಬಾಯಿಬಿಡದ ಮಾತು ಹೇಳಿದಳು. ಗಂಡ ಸತ್ತ ಎರಡನೆಯ ವರ್ಷ ಹೇಮಗಿರಿಯ ದನದ ಜಾತ್ರೆಗೆ ಎತ್ತು ಮಾರಲು ಹೋದಾಗ, ಯಾರಿಗೂ ಕಾಣದಂತೆ ಒಂದು ಡಜನ್ ಹಸಿರು ಗಾಜಿನ ಬಳೆ ಕೊಂಡಳಂತೆ. ಊರಿಗೆ ಬಂದು ಕಬ್ಬಿನ ಗದ್ದೆಯ ನಡುವೆ ಕೂತು ಎರಡೂ ಕೈಗೆ ತೊಟ್ಟುಕೊಂಡಳಂತೆ. ಒಂದು ಮಧ್ಯಾಹ್ನವಿಡೀ ಕೈ ಅಲ್ಲಾಡಿಸಿಕೊಂಡು, ಸದ್ದು ಕೇಳಿಕೊಂಡು ಕೂತಿದ್ದು, ಹೊತ್ತು ಇಳಿಯುವಾಗ ಬದುವಿನಲ್ಲಿ ಹೂತು ಬಂದಳಂತೆ. "ಇವ್ಳ್ಗೆ ಅರ್ತ ಆಯ್ತದೆ ಅಂತ ಯೋಳ್ದೆ. ಗಂಡ ಇರೋರ್ಗೆ ಇದೆಲ್ಲಿ ಗೊತ್ತಾಯ್ತದೆ?" ಎಂದಳು. ಆ ಕೊನೆಯ ಮಾತನ್ನು ನಾನು ತಿರುಗಿಸಲಿಲ್ಲ. ಉಳಿದದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದೆ.

ಗೌರಿ ಹಬ್ಬ ಹತ್ತಿರ ಬಂತು. ಶ್ರೀರಂಗಪಟ್ಟಣದಿಂದ ಬಳೆ ಮಾರುವ ಖಾತೂನ್‌ಬೀ ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು. ಪ್ರತಿ ವರ್ಷವೂ ಹಬ್ಬಕ್ಕೆ ಮುಂಚೆ ಬರುವವಳು, ಊರಿನ ಎಲ್ಲ ಹೆಂಗಸರ ಕೈ ಅಳತೆ ಅವಳ ಬೆರಳಿಗೆ ಗೊತ್ತು. ಸುಧಾಳಿಗೆ ತೊಡಿಸಿದ್ದಾದ ಮೇಲೆ ಮಾರ್ಥಾ ಮಗುವಿನ ಹಾಗೆ ಕೈ ಚಾಚಿದಳು. ಖಾತೂನ್‌ಬೀ ಆಕೆಯ ಅಂಗೈ ಹಿಸುಕಿ ನೋಡಿದಳು. "ಯಾ ಅಲ್ಲಾ, ಬೆಣ್ಣೆ ಐತಲ್ಲ ಬೇಟಿ ನಿನ್ ಕೈ. ಹಸ್ರು ಹಾಕ್ಲಾ, ಕೆಂಪು ಹಾಕ್ಲಾ?"

ಚಿಕ್ಕವ್ವ ಮುಂದೆ ಬಂದು ಖಾತೂನ್‌ಬೀಯ ಭುಜ ಮುಟ್ಟಿ ಮೆಲ್ಲಗೆ ತಲೆ ಅಲ್ಲಾಡಿಸಿದಳು. ಖಾತೂನ್‌ಬೀ ಒಂದು ಕ್ಷಣ ಇಬ್ಬರ ಮುಖವನ್ನೂ ನೋಡಿ, "ಮಾಫ್ ಮಾಡವ್ವ, ಗೊತ್ತಾಗ್ಲಿಲ್ಲ," ಎಂದು ಬುಟ್ಟಿ ಮುಚ್ಚಿಬಿಟ್ಟಳು. ಮಾರ್ಥಾಳ ಕೈ ಚಾಚಿದಂತೆಯೇ ಇತ್ತು.

"ಏನಾಯಿತು?" ಎಂದು ಆಕೆ ನನ್ನತ್ತ ತಿರುಗಿದಳು.

"ನಿಮ್ಮ ಅಳತೆಯದು ಬುಟ್ಟಿಯಲ್ಲಿಲ್ಲವಂತೆ," ಎಂದೆ.

ಹಬ್ಬದ ದಿನ ಮನೆ ತುಂಬಾ ಹೆಂಗಸರು. ಅರಿಶಿನ ಬಳಿದ ಮೊರಗಳಲ್ಲಿ ಬಾಗಿನ ಜೋಡಿಸಿಟ್ಟು ಸುಧಾ ಒಬ್ಬೊಬ್ಬರಿಗೂ ಕುಂಕುಮ ಕೊಟ್ಟು, ಹೂ ಮುಡಿಸುತ್ತಾ ಬಂದಳು. ಮಾರ್ಥಾ ಮೈಸೂರಿನಲ್ಲಿ ಕೊಂಡ ಸೀರೆ ಉಟ್ಟು, ಸಾಲಿನ ನಡುವೆ ಚಕ್ಕಂಬಕ್ಕಳ ಹಾಕಿ ಕೂತಿದ್ದಳು. ಕುಂಕುಮದ ತಟ್ಟೆ ಆಕೆಯ ಪಕ್ಕದವಳ ತನಕ ಬಂತು, ಆಕೆಯನ್ನು ದಾಟಿ ಆಚೆಯವಳಿಗೆ ಹೋಯಿತು. ಮಾರ್ಥಾ ಮುಂದೆ ಬಾಗಿಸಿದ್ದ ಹಣೆ ಹಾಗೇ ನಿಂತಿತು. ನಡುಮನೆಯ ಹೊಸ್ತಿಲ ಆಚೆ ಕೂತಿದ್ದ ಚಿಕ್ಕವ್ವ ಅದನ್ನು ನೋಡಿದಳು. ಸರಕ್ಕನೆ ಎದ್ದು ಒಳಗೆ ಬಂದು, ಮಾರ್ಥಾಳ ಮುಂಗೈ ಹಿಡಿದು ಎಬ್ಬಿಸಿ, ಎಲ್ಲರ ಮುಂದೆಯೇ ನಡೆಸಿಕೊಂಡು ಹಿತ್ತಲಿಗೆ ಹೋದಳು. ಕೊಟ್ಟಿಗೆಯ ಪಕ್ಕದ ಕಟ್ಟೆಯ ಮೇಲೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು.

"ಅಲ್ಲಿ ಕುಂತ್ಕೊಂಡು ಯಾಕವ್ವ ಹೊಟ್ಟೆ ಉರ್ಸ್ಕೋತೀಯಾ? ಮೂವತ್ತು ವರ್ಸದಿಂದ ನಾನ್ ಇಲ್ಲೇ ಕುಂತಿವ್ನಿ. ಈ ವರ್ಸ ಜತೆಗ್ ನೀನಿದ್ದೀಯ," ಎಂದು ಆಕೆಯ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು. ಒಬ್ಬಟ್ಟು ತರಿಸಿ ತುಪ್ಪ ಹಾಕಿ ತಾನೇ ಮುರಿದು ಕೊಟ್ಟಳು.

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಮಾರ್ಥಾ ನನ್ನನ್ನು ನೋಡಿದಳು, ತಿರುಗಿಸಿ ಹೇಳು ಎನ್ನುವ ಹಾಗೆ. ನಾನು ಬಾಳೆಎಲೆ ತರುವ ನೆವ ಹೇಳಿ ಒಳಗೆ ಹೋದೆ. ನನ್ನ ಬದುಕಿನಲ್ಲಿ ನಾನು ತಿರುಗಿಸದೆ ಬಿಟ್ಟ ಮಾತುಗಳಲ್ಲಿ ಅಷ್ಟು ಒಳ್ಳೆಯ ಮಾತು ಇನ್ನೊಂದಿಲ್ಲ.

ಹಬ್ಬದ ಮೂರನೆಯ ದಿನ ಮಾರ್ಥಾ ಕರಿಘಟ್ಟದ ಬೆಟ್ಟಕ್ಕೆ ಹೋಗೋಣವೆಂದಳು. ಮೆಟ್ಟಿಲು ಹತ್ತಿ ಮೇಲೆ ಕೂತೆವು. ಕೆಳಗೆ ಲೋಕಪಾವನಿ ಕೆಂಪಗೆ ಬಂದು ಕಾವೇರಿಗೆ ಸೇರುತ್ತಿತ್ತು. ಮಾರ್ಥಾ ಚೀಲದಿಂದ ಒಂದು ಉದ್ದ ಲಕೋಟೆ ತೆಗೆದು ನಮ್ಮಿಬ್ಬರ ನಡುವಿನ ಕಲ್ಲಿನ ಮೇಲಿಟ್ಟು, ಗಾಳಿಗೆ ಹಾರದಂತೆ ಕಲ್ಲು ಹೇರಿದಳು. ನನ್ನ ಶಿಫಾರಸು ಪತ್ರ.

"ಒಂದು ಕೇಳುತ್ತೇನೆ, ನಿಜ ಹೇಳು," ಎಂದಳು. "ಬಳೆ ಇಲ್ಲ, ಕುಂಕುಮ ಇಲ್ಲ, ಎಲ್ಲರ ಮುಂದೆ ಎಬ್ಬಿಸಿ ದನಗಳ ಹತ್ತಿರ ಕೂರಿಸಿದಳು. ಗಂಡಂದಿರನ್ನು ಬಿಟ್ಟವಳು ಅಂತಲೇ?"

ಅವತ್ತು ಎಲ್ಲ ಹೇಳಬಹುದಿತ್ತು. ಆ ಬೆಟ್ಟದಲ್ಲಿ ನಾವಿಬ್ಬರೇ. ತಪ್ಪು ನನ್ನದು, ನಿನ್ನನ್ನು ವಿಧವೆಯೆಂದು ಹೇಳಿದವನು ನಾನು, ಅವಳು ನಿನ್ನನ್ನು ತನ್ನ ಪಕ್ಕಕ್ಕೆ ಕರೆದುಕೊಂಡದ್ದು ಪ್ರೀತಿಯಿಂದ ಎಂದು ಹೇಳಲು ಎಷ್ಟು ಮಾತು ಬೇಕಿತ್ತು? ಆದರೆ ಸುಳ್ಳು ಹೇಳುವ ದುಭಾಷಿಗೆ ಯಾವ ಲೇಖಕಿ ಪತ್ರ ಕೊಡುತ್ತಾಳೆ? ನನ್ನ ಕಣ್ಣು ಆ ಲಕೋಟೆಯ ಮೇಲೆಯೇ ಇತ್ತು.

"ಹೌದು," ಎಂದೆ. "ನಮ್ಮ ಕಡೆ ಹಾಗೇ. ಹಳೆಯ ಕಾಲದವಳು, ಬೇಜಾರು ಮಾಡಿಕೊಳ್ಳಬೇಡಿ."

"ಮೊದಲ ದಿನ ಕೈ ಹಿಡಿದುಕೊಂಡಳಲ್ಲ?"

"ಅತಿಥಿ ಅಂತ."

ಮಾರ್ಥಾ ನದಿ ನೋಡುತ್ತಾ, "ಕಬ್ಬಿನ ಗದ್ದೆಯಲ್ಲಿ ಬಳೆ ಹೂತವಳು," ಎಂದಳು. ಅಷ್ಟೇ. ಕಲ್ಲು ಸರಿಸಿ ಲಕೋಟೆ ನನ್ನ ಕೈಗೆ ಕೊಟ್ಟಳು.

ದೀಪಾವಳಿಯ ತನಕ ಇರಬೇಕಾಗಿದ್ದವಳು ಆ ವಾರವೇ ಹೊರಟುಬಿಟ್ಟಳು. ಮನೆಯಲ್ಲಿ ಕೈಮುಗಿದು, ಬರುತ್ತೇನೆಂದೂ ಹೇಳದೆ, ಶ್ರೀರಂಗಪಟ್ಟಣದ ತನ್ನ ಹಳೆಯ ಕೋಣೆಗೆ ಹೋದಳು. ಮಾರನೆಯ ಬೆಳಿಗ್ಗೆ ನನ್ನನ್ನು ಕಂಡು ಹೋಗಲೆಂದು ಪಾಂಡವಪುರ ಸ್ಟೇಷನ್ನಿನಲ್ಲಿ ರೈಲು ಹತ್ತುವುದೆಂದಾಗಿತ್ತು. ಅವತ್ತು ಆರೂವರೆಗೆಲ್ಲ ನನ್ನ ರೂಮಿನ ಬಾಗಿಲು ಬಡಿದ ಸದ್ದು. ಚಿಕ್ಕವ್ವ. ಮೊದಲ ಬಸ್ಸಿಗೆ ಬಂದಿದ್ದಳು. ಕೈಯಲ್ಲಿ ಬಿಳಿ ಟವೆಲ್ಲಿನ ಗಂಟು.

"ನೆನ್ನೆ ಬರೀ ಮಡ್ಲಲ್ಲಿ ಕಳ್ಸ್ಬುಟ್ಟೆ ಕಣ್ಲಾ. ಗಂಡ ಇಲ್ದೋರ್ಗೆ ಮಡ್ಲಕ್ಕಿ ಉಯ್ಯಾಕಿಲ್ಲ ಅಂದ್ಲು ಸುಧಾ, ನಾನೂ ಸುಮ್ಕಾದೆ. ರಾತ್ರಿಯೆಲ್ಲ ಮನ್ಸು ತಡೀನಿಲ್ಲ. ಹೆಣ್ಮಗ್ಳು, ಸಮುದ್ರ ದಾಟಿ ಹೋಗೋಳು. ಯಾವ್ ಸಾಸ್ತ್ರನಾರ ಹಾಳಾಗೋಗ್ಲಿ ಬುಡು."

ಗಂಟು ಬಿಚ್ಚಿ ತೋರಿಸಿದಳು. ಎರಡು ಸೇರು ಅಕ್ಕಿ, ಒಂದು ಅಚ್ಚು ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ. ಅಕ್ಕಿಯ ನಡುವೆ ಕಾಗದ ಸುತ್ತಿದ ಒಂದು ಡಜನ್ ಹಸಿರು ಬಳೆ. ಖಾತೂನ್‌ಬೀಯನ್ನು ಹುಡುಕಿಕೊಂಡು ಮಾರ್ಥಾ ಹೊರಡುವ ಮಾತೆತ್ತಿದ ದಿನವೇ ಶ್ರೀರಂಗಪಟ್ಟಣಕ್ಕೆ ಹೋಗಿ ತಂದಿಟ್ಟುಕೊಂಡಿದ್ದಳು.

"ಅವ್ಳ್ ಅಳ್ತೆ ಖಾತೂನ್‌ಬೀಗೆ ಗೊತ್ತಿತ್ತು. ಅವ್ಳ್ ದೇಸದಲ್ಲಿ ಹಾಕ್ಕೊಂಡ್ರೆ ಯಾರ್ ಕೇಳ್ತಾರೆ? ನನ್ನಂಗೆ ಮಣ್ಣಲ್ಲಿ ಹೂಳ್ಬ್ಯಾಡ ಅಂತ ಯೋಳು. ನಾನ್ ಬರಾಕಿಲ್ಲ, ಅತ್ಬುಡ್ತೀನಿ."

ಸ್ಟೇಷನ್ನು ಊರಿನಿಂದ ಹೊರಗೆ. ಸೈಕಲ್ಲಿನಲ್ಲಿ ಗಂಟು ನೇತುಹಾಕಿಕೊಂಡು ಹೋದೆ. ದಾರಿಯುದ್ದಕ್ಕೂ, ಇವತ್ತು ಹೇಳಿಬಿಡುತ್ತೇನೆ, ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೆ. ಪ್ಲಾಟ್‌ಫಾರ್ಮಿನಲ್ಲಿ ಮಾರ್ಥಾಳ ಮುಂದೆ ನಿಂತಾಗ ಬಾಯಿಂದ ಬಂದದ್ದು ಇಷ್ಟೇ, "ಚಿಕ್ಕವ್ವ ಕಳಿಸಿದ್ದಾಳೆ. ಅಕ್ಕಿ."

ಆಕೆ ಗಂಟನ್ನು ಮುಟ್ಟಿ ನೋಡಿದಳು, ಬಿಚ್ಚಲಿಲ್ಲ. "ಅಕ್ಕಿಯೇ?" ಎಂದು ಒಂಥರಾ ನಕ್ಕಳು. "ಕೆಲಸ ಬಿಟ್ಟು ಹೋಗುವವರಿಗೆ ಕೊಡುವ ಹಾಗೆ. ನನಗೆ ಬೇಡ ಶಿವು. ಹಸಿದವರು ಯಾರಿಗಾದರೂ ಕೊಡು." ರೈಲು ಬಂತು. ಕಿಟಕಿಯಿಂದ ಕೈ ಬೀಸಿದ್ದು ನನಗೆ. ಗಂಟು ನನ್ನ ಕೈಯಲ್ಲೇ ಇತ್ತು.

ಭಾನುವಾರ ಚಿಕ್ಕವ್ವನ ಮನೆಗೆ ಹೋದೆ. ಬಾಗಿಲಲ್ಲೇ ಕಾಯುತ್ತಿದ್ದಳು. "ಎದೆಗವಚಿಕೊಂಡು ಅತ್ತುಬಿಟ್ಟಳು ಚಿಕ್ಕವ್ವ," ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನನಗೆ ಕಾಫಿ ಕೊಟ್ಟಳು.

ಗಂಟು ಹತ್ತು ದಿನ ರೂಮಿನ ಗೂಟಕ್ಕೆ ನೇತಾಡಿತು. ಹನ್ನೊಂದನೆಯ ದಿನ ಬಿಡದೆ ಮಳೆ ಹಿಡಿದಿತ್ತು, ಹೋಟೆಲಿಗೆ ಹೋಗಲು ಸೋಮಾರಿತನ. ಆ ಅಕ್ಕಿಯಲ್ಲೇ ಅನ್ನ ಮಾಡಿಕೊಂಡು ಚಟ್ನಿಪುಡಿ ಕಲಸಿ ಉಂಡೆ. ರುಚಿಯಾಗಿತ್ತು, ಎರಡನೆಯ ಸಲವೂ ಬಡಿಸಿಕೊಂಡೆ. ಇದನ್ನು ನೆನೆದಾಗಲೆಲ್ಲ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಬಳೆಗಳನ್ನು ಟವೆಲ್ಲಿನಲ್ಲಿ ಸುತ್ತಿ, ತಿರುಗಿ ಬಂದ ಕತೆಗಳ ಜೊತೆ ಟ್ರಂಕಿನಲ್ಲಿಟ್ಟೆ.

ಆ ಪತ್ರದ ಬಲದಿಂದ ಮೈಸೂರಿನಲ್ಲಿ ನನಗೆ ಕಾಯಂ ಕೆಲಸ ಸಿಕ್ಕಿತು. ಏನು ಕೆಲಸ ಅಂದರೆ ಅನುವಾದಕನ ಕೆಲಸ. ನಗಬೇಡಿ. ನಾಲ್ಕು ವರ್ಷ ಕಳೆದು ಮಾರ್ಥಾಳ ಕಾದಂಬರಿ ಬಂತು. ಆ ಒಂದು ಪುಸ್ತಕದಿಂದ ಆಕೆಯ ದೆಸೆ ತಿರುಗಿತು. ಬಹುಮಾನ, ಭಾಷಣ, ಹಳೆಯ ಮೂರು ಕಾದಂಬರಿಗಳ ಮರುಮುದ್ರಣ, ಎಲ್ಲ. ನಾಟಿಯ ಅಧ್ಯಾಯ ಓದಿದರೆ ಕಾಲಿಗೆ ಕೆಸರು ಹತ್ತುತ್ತದೆ, ಅಷ್ಟು ಚೆನ್ನಾಗಿದೆ. ಆದರೆ ಎಲ್ಲರೂ ಹೊಗಳಿದ್ದು ಹನ್ನೊಂದನೆಯ ಅಧ್ಯಾಯವನ್ನು. ಕೆನ್ನೆ ಸುಟ್ಟ ಮುದುಕಿ ಪರದೇಶಿ ಹೆಂಗಸಿನ ಮುಂಗೈ ಹಿಡಿದು ಹಬ್ಬದ ಮನೆಯಿಂದ ಎಳೆದು ತಂದು ದನಗಳ ಪಕ್ಕ ಕೂರಿಸಿ, ತಪ್ಪಿಸಿಕೊಳ್ಳದಂತೆ ತಾನೇ ಕಾವಲು ಕೂರುತ್ತಾಳೆ. ತಾನು ತಿಂದ ಏಟನ್ನೇ ಇನ್ನೊಬ್ಬಳಿಗೆ ಬಡಿಸುವವಳು ಅವಳು. ಮಾರ್ಥಾ ತೀರಿಕೊಂಡ ಸುದ್ದಿಯ ನಾಲ್ಕು ಸಾಲಿನಲ್ಲೂ ಒಂದು ಸಾಲು ಆ ಮುದುಕಿಯದೇ. ಸ್ವಂತ ತಾಯಿಯ ಬಗ್ಗೆ ನಿಜ ಬರೆದು ಅವಳನ್ನು ಕಳೆದುಕೊಂಡವಳು, ಇಲ್ಲಿ ಸಿಕ್ಕ ಇನ್ನೊಬ್ಬ ತಾಯಿಯನ್ನು ನನ್ನ ಸುಳ್ಳು ನಂಬಿ ಕಳೆದುಕೊಂಡಳು.

ಹೋದ ತಿಂಗಳು ಬಸ್ಸಿಳಿದು ಮನೆಗೆ ಹೋದಾಗ ಚಿಕ್ಕವ್ವ ಅದೇ ಜಗಲಿಯ ಮೇಲಿದ್ದಳು. ಮನೆ ತಾರಸಿಯಾಗಿದೆ, ಅಂಗಳದಲ್ಲಿ ರಾಜಣ್ಣನ ಮೊಮ್ಮಗಳ ಸೈಕಲ್ಲು. ಚಿಕ್ಕವ್ವನಿಗೆ ಎಂಬತ್ತು ದಾಟಿದೆ, ಕಣ್ಣು ಮಂಜು. ದನಿ ಕೇಳಿ ಗುರುತು ಹಿಡಿದಳು.

"ಶಿವುನಾ? ಬಾ ಮಗ. ಎಲ್ಲೋ ನಮ್ ಮಾರ್ತಮ್ಮ? ಕಾಗ್ದ ಗೀಗ್ದ ಬತ್ತದಾ?"

"ತೀರ್ಕೊಂಡ್ಲು ಚಿಕ್ಕವ್ವ."

ಚಿಕ್ಕವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ನನ್ಗಿಂತ ಚಿಕ್ಕೋಳಲ್ಲೇನ್ಲಾ," ಎಂದಳು.

ಅವತ್ತು ಹೇಳಿದೆ. ಮಜ್ಜಿಗೆ ಕುಡಿಯುತ್ತಾ ಹೇಳಿದ ಮೊದಲ ಸುಳ್ಳು, ಬಳೆಯ ಅಳತೆಯ ಸುಳ್ಳು, ಬೆಟ್ಟದ ಮೇಲಿನ ಸುಳ್ಳು, ಪುಸ್ತಕದಲ್ಲಿ ಅವಳನ್ನು ಏನೆಂದು ಬರೆದಿದೆ ಎಂಬುದು, ಎಲ್ಲ. ತಲೆ ಎತ್ತಿ ನೋಡಲು ಧೈರ್ಯವಿರಲಿಲ್ಲ. ಬಾಗಿಲ ಬಳಿ ಸುಧಾ ಬಂದು ನಿಂತಿದ್ದಳು, ಅವಳ ಕೂದಲೂ ನರೆತಿದೆ.

"ಅಂಗಾರೆ ಗಂಡ ಸತ್ತಿರ್ನಿಲ್ವಾ?"

"ಇಲ್ಲ. ಇಬ್ರೂ ಇದ್ರು."

"ಲೇ, ಎಲ್ಡು ಗಂಡುಸ್ರನ್ನ ಒಂದೇ ಮಾತ್ಗೆ ಮಣ್ ಮಾಡ್ಬುಟ್ಯಾ?" ಚಿಕ್ಕವ್ವ ನಗತೊಡಗಿದಳು. ಕೆಮ್ಮು ಬರುವ ತನಕ ನಕ್ಕಳು. ಸುಧಾ ನೀರು ತಂದುಕೊಟ್ಟಳು. ನನಗೂ ನಗು ಬಂತು, ಹಗುರಾಯಿತು ಎಂದುಕೊಂಡೆ. ಅಷ್ಟರಲ್ಲಿ ಅವಳ ನಗು ನಿಂತಿತು.

"ಕುಂಕ್ಮ ಕೊಡ್ಬೋದಾಗಿತ್ತು ಕಣ್ಲಾ ಅವ್ಳ್ಗೆ. ಹಣೆ ಮುಂದಕ್ ಮಾಡ್ಕೊಂಡು ಕುಂತಿದ್ಲು."

ನಾನು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡೆ.

"ಹೋಗ್ಲಿ ಬುಡು," ಎಂದು ತಡಕಾಡಿ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು. "ಪುಸ್ತಕದಲ್ಲಿ ಏನಾರ ಬರ್ಕೊಂಡಿರ್ಲಿ. ನನ್ ಮನ್ಸು ಅವ್ಳ್ಗೆ ಗೊತ್ತಾಗದೆ ಇರಾಕಿಲ್ಲ. ಮಡ್ಲಕ್ಕಿ ಕೊಟ್ಟಿವ್ನಲ್ಲ. ಎದೆಗವುಚ್ಕೊಂಡು ಅತ್ಲು ಅಂತ ನೀನೇ ಅಂದ್ಯಲ್ಲ."

ಅದೊಂದನ್ನು ಹೇಳಿರಲಿಲ್ಲ. ಅದನ್ನು ಕೊನೆಗೆಂದು ಇಟ್ಟುಕೊಂಡಿದ್ದೆ. ಬಳೆಗಳನ್ನು ಅವಳ ಕೈಗಿಟ್ಟು ಹೇಳಬೇಕೆಂದೇ ಆ ಟವೆಲ್ಲಿನ ಗಂಟು ತಂದಿದ್ದೆ. ಚೀಲದೊಳಗೆ ಕೈ ಹಾಕಿದೆ.

"ಅಕ್ಕಿ ಏನ್ ಮಾಡಿದ್ಲಂತೆ?" ಎಂದಳು ಚಿಕ್ಕವ್ವ. ಮಂಜು ಕಣ್ಣುಗಳನ್ನು ನನ್ನ ಮುಖದ ಕಡೆಗೇ ನೆಟ್ಟಿದ್ದಳು.

"ಅನ್ನ ಮಾಡ್ಕೊಂಡು ಉಂಡ್ಲಂತೆ."

"ಹೊಟ್ಟೆ ತುಂಬ್ತಂತಾ?"

"ಎರಡು ಸಲ ಬಡುಸ್ಕೊಂಡ್ಲಂತೆ ಚಿಕ್ಕವ್ವ."

ಅವಳ ಮುಖ ಅರಳಿತು. "ಬಳೆ?"

ಚೀಲದೊಳಗೆ ಬಳೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದಾದವು. ಅವು ಸದ್ದು ಮಾಡದ ಹಾಗೆ ಗಂಟನ್ನು ಅಂಗೈಯಲ್ಲಿ ಬಿಗಿಯಾಗಿ ಅದುಮಿ ಹಿಡಿದೆ.

"ಸಾಯೋ ತನ್ಕ ಕೈಯಲ್ಲೇ ಇದ್ವಂತೆ," ಎಂದೆ.